ಅಪ್‌ಡೇಟ್: ರಿಸೀವರ್‌ಗೆ ಅಲಾರಂ ಸಿಗ್ನಲ್ ಬರ್ತಾ ಇದೆ

ಅಲಾರಂ ಪ್ಯಾನೆಲ್‌ಗಳು ಫೋನ್ ಮಾಡಿ ಕಳಿಸುವ ವರದಿಯನ್ನ ನಮ್ಮ ರಿಸೀವರ್ ಪಡೆಯುತ್ತೆ. ಹಳೆಯ 4/2 ಪಲ್ಸ್ (ನಾಲ್ಕಂಕಿ ಖಾತೆ, ಎರಡಂಕಿ ಕೋಡ್ ಕಳಿಸುವ) ಪ್ಯಾನೆಲ್‌ಗಳ ವರದಿ ಬರುತ್ತೆ, ಕಾಂಟ್ಯಾಕ್ಟ್ ಐಡಿ (ಡಿಟಿಎಂಎಫ್, ಅಂದ್ರೆ ಫೋನ್ ಕೀಲಿಗಳ ಟೋನ್‌ನಲ್ಲಿ ವರದಿ ಕಳಿಸುವ) ಪ್ಯಾನೆಲ್‌ಗಳು ಕರೆ ಮಾಡಿ ಸುಮ್ಮನೆ ಕಟ್ ಆಗ್ತವೆ ಅಂತ ಕೇಳಿದ್ದೆ. ನೀವು ಹೇಳಿದ ಹಾಗೆ ಹ್ಯಾಂಡ್‌ಶೇಕ್ ಸರದಿ, ಅಂದ್ರೆ ಕರೆ ಎತ್ತಿದ ಮೇಲೆ ರಿಸೀವರ್ ಯಾವ ಟೋನ್ ಮೊದಲು ಕಳಿಸುತ್ತೆ ಅನ್ನೋದನ್ನ, ನೋಡಿದೆವು. ಪಲ್ಸ್ ಟೋನ್‌ಗಳೇ ಮೊದಲಿದ್ದವು. ಕಾಂಟ್ಯಾಕ್ಟ್ ಐಡಿಯ ಜೋಡಿ ಟೋನ್ (1400 ಹರ್ಟ್ಸ್, ಆಮೇಲೆ 2300) ಕೊನೆಯಲ್ಲಿತ್ತು. ಅದರ ಸರದಿ ಬರೋದ್ರೊಳಗೆ ಪ್ಯಾನೆಲ್ ಕಾದು ಫೋನ್ ಇಡ್ತಿತ್ತು. ಅದನ್ನ ಮೊದಲಿಗೆ ತಂದೆವು, ಬಹುತೇಕ ಸರಿಹೋಯ್ತು.

ಇಂಟರ್ನೆಟ್ ಫೋನ್ ಲೈನಿನ ಒಂದು ಸೈಟ್ ಮಾತ್ರ ತಕರಾರು ಮಾಡ್ತಿತ್ತು. ಕೋಡೆಕ್ (ಧ್ವನಿಯನ್ನ ಡೇಟಾ ಮಾಡುವ ವಿಧಾನ) ಜಿ.729 ಇತ್ತು, ಆ ಮಟ್ಟಕ್ಕೆ ಕುಗ್ಗಿಸಿದರೆ ಡಿಟಿಎಂಎಫ್ ಅಂಕಿಗಳು ಕೆಡ್ತವೆ. ಜಿ.711ಕ್ಕೆ ಬದಲಿಸಿದ ಮೇಲೆ ಟೆಸ್ಟ್ ಸಂದೇಶ ಪೂರ್ತಿ ಬಂತು: 1234 18 1 130 01 005 5. ಅಂದ್ರೆ ಖಾತೆ 1234, ಕಾಂಟ್ಯಾಕ್ಟ್ ಐಡಿ ಸಂದೇಶ ಅನ್ನೋ ಗುರುತು 18, ಕಳ್ಳತನದ ಹೊಸ ಅಲಾರಂ (1 130), ಒಂದನೇ ಪಾರ್ಟಿಷನ್ (ಪ್ಯಾನೆಲ್‌ನ ವಿಭಾಗ), ಐದನೇ ಝೋನ್. ಕೊನೆಯ 5 ಚೆಕ್‌ಸಮ್, ಸಂದೇಶ ಸರಿಯಾಗಿ ಬಂತಾ ಅಂತ ನೋಡುವ ಅಂಕಿ. ಸೊನ್ನೆಯನ್ನ ಹತ್ತು ಅಂತ ಎಣಿಸಿದರೆ ಎಲ್ಲಾ ಅಂಕಿಗಳ ಒಟ್ಟು 75, ಹದಿನೈದರಿಂದ ನಿಶ್ಶೇಷವಾಗಿ ಭಾಗವಾಗುತ್ತೆ. ಲೆಕ್ಕ ಕೂಡಿದಾಗ ನಿಜಕ್ಕೂ ಖುಷಿಯಾಯ್ತು.

4/2 ಖಾತೆಗಳಿಗೆ ಯಾವ ಕೋಡ್ ಬೆಂಕಿ, ಯಾವುದು ಕಳ್ಳತನ ಅಂತ ಸಾಫ್ಟ್‌ವೇರ್‌ನಲ್ಲಿ ಒಂದೊಂದಾಗಿ ತುಂಬಿಸಬೇಕು. ಆ ಕೆಲಸ ಬಾಕಿ ಇದೆ. ದಿನಕ್ಕೊಮ್ಮೆ 602 ಕೋಡ್‌ನ ನಿಯತ ಟೆಸ್ಟ್ ಸಂದೇಶ ಎಲ್ಲಾ ಕಾಂಟ್ಯಾಕ್ಟ್ ಐಡಿ ಪ್ಯಾನೆಲ್‌ಗೂ ಹಾಕಿದ್ದೀವಿ. ಸರದಿ ನೋಡಿ ಅಂತ ಹೇಳಿದ ಸರ್‌ಗೆ ಅನಂತ ಧನ್ಯವಾದ.