ಸಹಾಯ ಬೇಕು: ನಮ್ಮ ಹೋತಕ್ಕೆ ಮೂತ್ರ ಕಟ್ಟಿದೆ

ಶಿರಾ ಬಳಿಯ ಹಳ್ಳಿಯಿಂದ ಬರೆಯುತ್ತಿದ್ದೇನೆ. ಎರಡು ವರ್ಷದ ನಮ್ಮ ಕೆಂಚನಿಗೆ ನಿನ್ನೆ ಸಂಜೆಯಿಂದ ಮೂತ್ರ ಸರಿಯಾಗಿ ಹೋಗುತ್ತಿಲ್ಲ. ಬೆನ್ನು ಬಾಗಿಸಿ ತಿಣುಕುತ್ತಾನೆ. ನಾಲ್ಕೇ ಹನಿ, ಅದರಲ್ಲೂ ರಕ್ತದ ಛಾಯೆ. ಮೂತ್ರ ಬರುವ ತುದಿಯ ಕೂದಲಿಗೆ ಮರಳಿನಂಥ ಹರಳು ಅಂಟಿಕೊಂಡಿದೆ. ಮೇವು ಮುಟ್ಟುತ್ತಿಲ್ಲ, ನೋವಿಗೆ ಹಲ್ಲು ಕಡಿಯುತ್ತಾನೆ. ಆ ಸದ್ದು ಕೇಳಲಾಗುತ್ತಿಲ್ಲ.

ಚಿಕ್ಕ ಮರಿಯಾಗಿದ್ದಾಗಲೇ ಬೀಜ ಒಡೆಸಿದ್ದೆವು, ಅದರಿಂದ ಮೂತ್ರನಾಳ ಕಿರಿದಾಗಿಯೇ ಉಳಿಯಿತೇನೋ. ಮುದ್ದಿನಿಂದ ದಿನವೂ ಮೆಕ್ಕೆಜೋಳ, ಗೋಧಿ ಬೂಸಾ ತಿನ್ನಿಸಿದ್ದೇ ಮುಳುವಾಯಿತೇನೋ. ಅವುಗಳಲ್ಲಿ ರಂಜಕ ಹೆಚ್ಚು, ಸುಣ್ಣದಂಶ ತೀರಾ ಕಡಿಮೆ, ಅದರಿಂದ ಮೂತ್ರದಲ್ಲಿ ಹರಳು ಕಟ್ಟುತ್ತದೆ. ಕಾಳು ನಿಲ್ಲಿಸಿದ್ದೇನೆ. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಪಶು ವೈದ್ಯರ ವಾಹನಕ್ಕಾಗಿ ಕಾಯುತ್ತಿದ್ದೇನೆ.

ಹರಳು ಕರಗಲು ಅಮೋನಿಯಂ ಕ್ಲೋರೈಡ್ ಎಂಬ ಲವಣ ಕದಡಿ ಕುಡಿಸಿ ಎನ್ನುತ್ತಾರೆ ಒಬ್ಬರು, ಬಾಳೆದಿಂಡಿನ ರಸ ಎನ್ನುತ್ತಾರೆ ಇನ್ನೊಬ್ಬರು. ದಾರಿ ಪೂರ್ತಿ ಕಟ್ಟಿದ್ದರೆ ಮೂತ್ರಕೋಶವೇ ಒಡೆಯಬಹುದು. ಬಲವಂತವಾಗಿ ಏನನ್ನೂ ಕುಡಿಸಲು ನನಗೆ ಧೈರ್ಯವಿಲ್ಲ. ಹರಳು ಸಿಕ್ಕಿಕೊಳ್ಳುವ, ಶಿಶ್ನದ ತುದಿಯ ದಾರದಂಥ ಸಣ್ಣ ಎಳೆಯನ್ನು ವೈದ್ಯರಿಂದ ಕತ್ತರಿಸಿ ಹರಳು ತೆಗೆಸಿದ ಅನುಭವ ಯಾರಿಗಾದರೂ ಇದೆಯೇ? ಆಮೇಲೆ ಮತ್ತೆ ಕಟ್ಟಿತೇ? ಯಾವ ಮೇವು ಕೊಟ್ಟಿರಿ? ತುಮಕೂರು ಕಡೆ ಮೇಕೆಗಳಿಗೆ ಈ ಶಸ್ತ್ರಚಿಕಿತ್ಸೆ ಎಲ್ಲಿ ಆಗುತ್ತದೆ ಎಂದು ಗೊತ್ತಿದ್ದವರು ದಯವಿಟ್ಟು ಈಗಲೇ ತಿಳಿಸಿ. ಎಷ್ಟು ದೂರವಾದರೂ ಕರೆದುಕೊಂಡು ಹೋಗುತ್ತೇನೆ.