ಪಾಲಿಮರ್ ಕಣಕ್ಕೆ ಅಂಟಿದ ಕಿಣ್ವ ಕೆಲಸ ಮಾಡುತ್ತಿಲ್ಲ, ಕಾರಣವೇನು?

ಪ್ರಶ್ನೆ:
ಸೂಪ್ ಪುಡಿಯಲ್ಲಿರುವ ಗ್ಲುಟಮೇಟನ್ನು ಅಳೆಯುವ ಸಂವೇದಕಕ್ಕಾಗಿ, ಕಾರ್ಬಾಕ್ಸಿಲ್ ಗುಂಪುಗಳಿರುವ 200 ನ್ಯಾನೋಮೀಟರ್ ವ್ಯಾಸದ ಪಾಲಿಸ್ಟೈರೀನ್ ಕಣಗಳಿಗೆ ಎಲ್-ಗ್ಲುಟಮೇಟ್ ಆಕ್ಸಿಡೇಸ್ ಕಿಣ್ವವನ್ನು ಇಡಿಸಿ (ಇಡಿಸಿ ಎಂದರೆ ಕಾರ್ಬಾಕ್ಸಿಲ್ ಗುಂಪನ್ನು ಅಮೈನ್ ಗುಂಪಿಗೆ ಬೆಸೆಯುವ ರಾಸಾಯನಿಕ) ಬಳಸಿ ಬಂಧಿಸಿದ್ದೇನೆ. ತೊಳೆದ ದ್ರಾವಣದಲ್ಲಿ ಉಳಿದ ಪ್ರೋಟೀನನ್ನು ಅಳೆಯುವ ಬ್ರಾಡ್‌ಫರ್ಡ್ ಪರೀಕ್ಷೆಯ ಪ್ರಕಾರ ಪ್ರೋಟೀನಿನ ಬಹುಪಾಲು ಕಣಕ್ಕೇ ಅಂಟಿದೆ. ಆದರೂ ಪ್ಲಾಟಿನಂ ಎಲೆಕ್ಟ್ರೋಡಿನಲ್ಲಿ, ಕಿಣ್ವ ಗ್ಲುಟಮೇಟಿನಿಂದ ಉತ್ಪಾದಿಸುವ ಹೈಡ್ರೋಜನ್ ಪೆರಾಕ್ಸೈಡಿನಿಂದ ಬರಬೇಕಾದ ಕರೆಂಟ್ ತೀರಾ ಕಡಿಮೆ. ಕಿಣ್ವದ ಕ್ರಿಯಾಕೇಂದ್ರ ಹಾಳಾಗದಿರಲೆಂದು ಬಂಧಿಸುವಾಗ ಸ್ವಲ್ಪ ಗ್ಲುಟಮೇಟನ್ನೂ ಬೆರೆಸಿದ್ದೆ. ಎಲ್ಲಿ ತಪ್ಪಿದೆ?

ಉತ್ತರ 1:
ತಪ್ಪು ಆ ಗ್ಲುಟಮೇಟಿನಲ್ಲಿಯೇ ಇದೆ ಎಂದು ನನ್ನ ಅನಿಸಿಕೆ. ಗ್ಲೂಕೋಸ್ ಆಕ್ಸಿಡೇಸನ್ನು ಬಂಧಿಸುವಾಗ ಬೆರೆಸಿದ ಗ್ಲೂಕೋಸ್ ತಾನೇ ಈ ಬೆಸುಗೆಗೆ ಅಡ್ಡಬರುವುದಿಲ್ಲ, ಏಕೆಂದರೆ ಅದರಲ್ಲಿ ಅಮೈನ್ ಆಗಲಿ ಕಾರ್ಬಾಕ್ಸಿಲ್ ಆಗಲಿ ಇಲ್ಲ. ಆದರೆ ನೀವು ಅಳೆಯಹೊರಟ ವಸ್ತುವೇ ಅಮೈನೋ ಆಮ್ಲವಾದ್ದರಿಂದ, ಅದರ ಅಮೈನ್ ಗುಂಪು ಕಣದ ಮೇಲೆ ಕಿಣ್ವ ಕೂರಬೇಕಾದ ಜಾಗವನ್ನು ಹಿಡಿಯುತ್ತದೆ, ಕಾರ್ಬಾಕ್ಸಿಲ್ ಗುಂಪು ಇಡಿಸಿಯನ್ನು ತಿಂದುಹಾಕುತ್ತದೆ. ಇದೇ ಕಾರಣಕ್ಕೆ ಅಮೈನ್ ಇರುವ ಟ್ರಿಸ್, ಗ್ಲೈಸೀನ್ ಬಫರುಗಳೂ (ಪಿಎಚ್ ಕಾಯುವ ದ್ರಾವಣಗಳು) ಸಲ್ಲವು. ಮೊದಲು ಎಂಇಎಸ್ ಬಫರಿನಲ್ಲಿ, ಪಿಎಚ್ 5ರಿಂದ 6ರೊಳಗೆ, ಇಡಿಸಿ ಮತ್ತು ಎನ್‌ಎಚ್‌ಎಸ್‌ನಿಂದ (ಸಕ್ರಿಯಗೊಂಡ ಕಾರ್ಬಾಕ್ಸಿಲ್ ಗುಂಪನ್ನು ಹೆಚ್ಚು ಹೊತ್ತು ಉಳಿಸುವ ರಾಸಾಯನಿಕ) ಕಣಗಳನ್ನಷ್ಟೇ ಸಿದ್ಧಪಡಿಸಿ, ಉಳಿದ ಇಡಿಸಿಯನ್ನು ಬೇಗನೆ ತೊಳೆದು, ನಂತರ ಪಿಎಚ್ 7ರ ಆಸುಪಾಸಿನ ಫಾಸ್ಫೇಟ್ ಬಫರಿನಲ್ಲಿ ಕಿಣ್ವವನ್ನು ಸೇರಿಸಿ. ಹೀಗೆ ಮಾಡಿದರೆ ಕಿಣ್ವದ ಅಣುಗಳು ತಮ್ಮತಮ್ಮಲ್ಲೇ ಬೆಸೆದುಕೊಳ್ಳುವುದೂ ತಪ್ಪುತ್ತದೆ.

ಉತ್ತರ 2:
ಮೇಲಿನ ಮಾತು ಸರಿ, ಆದರೆ ಹಾಗಿದ್ದರೆ ಪ್ರೋಟೀನ್ ಅಂಟಿದ್ದು ಹೇಗೆ? ಪಾಲಿಸ್ಟೈರೀನ್ ನೀರನ್ನು ಒಲ್ಲದ ವಸ್ತು. ಯಾವ ರಾಸಾಯನಿಕ ಬಂಧವೂ ಇಲ್ಲದೆ ಪ್ರೋಟೀನ್ ಅದರ ಮೇಲೆ ಹರಡಿಕೊಂಡು, ಮಡಿಕೆ ಬಿಚ್ಚಿ, ಕಸುವು ಕಳೆದುಕೊಳ್ಳಬಹುದು. ಇಡಿಸಿ ಹಾಕದ ಒಂದು ಟ್ಯೂಬನ್ನು ಜೊತೆಗಿಟ್ಟು ನೋಡಿ. ಕಣಗಳ ತಯಾರಿಕೆಯಲ್ಲಿ ಬಳಸಿದ ಎಸ್‌ಡಿಎಸ್ ಎಂಬ ಮಾರ್ಜಕ ಉಳಿದಿದ್ದರೆ ಅದು ಕಿಣ್ವವನ್ನೂ ಕೆಡಿಸುತ್ತದೆ, ಬ್ರಾಡ್‌ಫರ್ಡ್ ಅಳತೆಯನ್ನೂ ಕೆಡಿಸುತ್ತದೆ, ಆದ್ದರಿಂದ ಮೊದಲೇ ಡಯಾಲಿಸಿಸ್ (ಸಣ್ಣ ಅಣುಗಳನ್ನು ಪೊರೆಯ ಮೂಲಕ ಹೊರಹಾಕುವುದು) ಮಾಡಿಕೊಳ್ಳಿ. ಅಂದ ಹಾಗೆ, ಸೆಂಟ್ರಿಫ್ಯೂಜ್ ಆದ ಮೇಲೆ ತಳದ ಮುದ್ದೆ ಹೇಗಿತ್ತು?

ಪ್ರಶ್ನೆ ಕೇಳಿದವರು:
ಒಡೆದ ಹಾಲಿನಂತೆ ಗಂಟುಗಂಟಾಗಿತ್ತು. ಎಷ್ಟು ಅಲುಗಾಡಿಸಿದರೂ ಪೂರ್ತಿ ಕದಡಲಿಲ್ಲ. ಇಡಿಸಿ ಇಲ್ಲದ ಟ್ಯೂಬನ್ನೂ ಇಟ್ಟು ನೋಡಿದೆ, ಅಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಪ್ರೋಟೀನ್ ಅಂಟಿದೆ.

ಉತ್ತರ 2:
ಗಂಟುಗಟ್ಟಿದ್ದು ಕಣಗಳು ಒಂದಕ್ಕೊಂದು ಅಂಟಿಕೊಂಡಿರುವುದರ ಗುರುತು. ಇಡಿಸಿ ಇಲ್ಲದೆಯೂ ಅಷ್ಟೇ ಪ್ರೋಟೀನ್ ಅಂಟಿದೆ ಎಂದರೆ ಬಹುಪಾಲು ಬರಿಯ ಅಂಟುವಿಕೆಯೇ, ರಾಸಾಯನಿಕ ಬಂಧವಲ್ಲ. ಕಣ ಮತ್ತು ಕಿಣ್ವದ ನಡುವೆ ನೀರನ್ನು ಒಪ್ಪುವ ಉದ್ದನೆಯ ಕೊಂಡಿಯೊಂದನ್ನು ಇಡಿ, ಕಿಣ್ವದ ಪ್ರಮಾಣವನ್ನೂ ಇಳಿಸಿ. ಈ ಗಾತ್ರದ ಕಣಗಳಲ್ಲಿ ಗ್ರಾಮಿಗೆ ಸುಮಾರು 28 ಚದರ ಮೀಟರ್ ಮೇಲ್ಮೈ ಸಿಗುತ್ತದೆ, ಜಾಗಕ್ಕೆ ಬರವಿಲ್ಲ. ಕೊನೆಯಲ್ಲಿ ಉಳಿದ ಸಕ್ರಿಯ ಗುಂಪುಗಳನ್ನು ಮುಚ್ಚಲು ಎಥನಾಲಮೈನ್ ಎಂಬ ಚಿಕ್ಕ ಅಮೈನ್ ಸಾಕು.