ಏರ್‌ಪೋರ್ಟ್‌ನಿಂದ ಮೆಜೆಸ್ಟಿಕ್‌ಗೆ ಅಮ್ಮ ಒಬ್ಬರೇ ಬರಬೇಕು: ಬಸ್ಸೋ, ಟ್ಯಾಕ್ಸಿಯೋ?

ಮಸ್ಕತ್ ಮಗಳು:

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನಿಗೆ 68 ವರ್ಷ. ಮೂರು ತಿಂಗಳು ಮಸ್ಕತ್‌ನಲ್ಲಿ ನಮ್ಮ ಜೊತೆ ಇದ್ದು, ಬರುವ ಗುರುವಾರ ಒಬ್ಬರೇ ವಾಪಸ್ ಹೊರಟಿದ್ದಾರೆ. ಬೆಳಗಿನ ಜಾವ ಐದರ ಹೊತ್ತಿಗೆ ಬೆಂಗಳೂರಲ್ಲಿ ಇಳಿಯುತ್ತಾರೆ. ಹೋಗಬೇಕಾದ್ದು ಚಾಮರಾಜಪೇಟೆಗೆ, ಚಿಕ್ಕಮ್ಮನ ಮನೆಗೆ. ಚಿಕ್ಕಪ್ಪನಿಗೂ ವಯಸ್ಸಾಗಿದೆ. ಅಷ್ಟು ಹೊತ್ತಿಗೆ ದೇವನಹಳ್ಳಿವರೆಗೆ ಬನ್ನಿ ಅನ್ನಲು ನನಗೆ ಮನಸ್ಸು ಬರುತ್ತಿಲ್ಲ. ಮೆಜೆಸ್ಟಿಕ್‌ಗಾದರೆ ಆಟೋದಲ್ಲಿ ಬಂದು ಕಾಯುತ್ತೇನೆ ಅಂದಿದ್ದಾರೆ.

ಅಮ್ಮನಿಗೆ ಮಂಡಿ ನೋವು. ಒಂದು ದೊಡ್ಡ ಸೂಟ್‌ಕೇಸ್, ಒಂದು ಕೈಚೀಲ ಇರುತ್ತೆ. ಮೊಬೈಲಲ್ಲಿ ಕ್ಯಾಬ್ ಬುಕ್ ಮಾಡಲು ಬರುವುದಿಲ್ಲ. "ಬಸ್ಸಿದೆಯಲ್ಲ, ಆಧಾರ್ ತೋರಿಸಿದರೆ ಆಯ್ತು" ಅನ್ನುತ್ತಾರೆ. ನನಗೆ ಧೈರ್ಯ ಸಾಲುತ್ತಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಯಲಹಂಕದವನು:

ಟ್ಯಾಕ್ಸಿನೇ ಮಾಡಿಸಿ. ಅಲ್ಲಿಂದ ಮೆಜೆಸ್ಟಿಕ್ ಸುಮಾರು 35 ಕಿಲೋಮೀಟರ್, ಸಾದಹಳ್ಳಿ ಟೋಲ್ ಬೇರೆ. ದುಡ್ಡು ಜಾಸ್ತಿ ಆಗುತ್ತೆ ನಿಜ, ಆದರೆ ನೇರ ಮನೆ ಬಾಗಿಲಿಗೇ ಹೋಗಬಹುದು. ನೀವು ಅಲ್ಲಿಂದಲೇ ಬುಕ್ ಮಾಡಿ ಗಾಡಿ ನಂಬರ್ ಅಮ್ಮನಿಗೆ ಹೇಳಿದರಾಯ್ತು.

ಶ್ರೀರಾಂಪುರದವಳು:

ನಾನು ಏರ್‌ಪೋರ್ಟ್ ಟರ್ಮಿನಲ್‌ನಲ್ಲೇ ಕೆಲಸ ಮಾಡುತ್ತೇನೆ. ನೈಟ್ ಶಿಫ್ಟ್ ಮುಗಿಸಿ ಕೆಐಎ-9 ಹತ್ತಿ ಮೆಜೆಸ್ಟಿಕ್‌ಗೆ ಬಂದು, ಅಲ್ಲಿಂದ ಮನೆಗೆ ಹೋಗುವುದು. ನಿಮ್ಮ ಅಮ್ಮನ ವಯಸ್ಸಿನವರು ಆ ಬಸ್ಸಿನಲ್ಲಿ ಒಬ್ಬರೇ ಬರುವುದನ್ನು ವಾರಕ್ಕೆ ಎರಡು ಮೂರು ಸಲವಾದರೂ ನೋಡುತ್ತೇನೆ. ಧೈರ್ಯವಾಗಿ ಕಳಿಸಿ.

ಮೊದಲು ಆಧಾರ್ ವಿಷಯ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಾಮಾನ್ಯ ಬಸ್ಸುಗಳಲ್ಲಿ ಮಾತ್ರ. ಏರ್‌ಪೋರ್ಟಿಗೆ ಓಡುವ ವಾಯುವಜ್ರ ಎಸಿ ಬಸ್ಸು, ಅದಕ್ಕೆ ಟಿಕೆಟ್ ತಗೋಬೇಕು. ಇದನ್ನು ಈಗಲೇ ಹೇಳಿಬಿಡಿ. ಬಸ್ ಹತ್ತಿದ ಮೇಲೆ ಗೊತ್ತಾದರೆ ಹಿರಿಯರಿಗೆ ಮುಜುಗರ ಆಗುತ್ತೆ. ಕೈಯಲ್ಲಿ ಸ್ವಲ್ಪ ಭಾರತದ ದುಡ್ಡು ಇರಲಿ, ನೂರರ ನೋಟುಗಳಾದರೆ ಒಳ್ಳೇದು. ಬರೀ ರಿಯಾಲ್ ಇಟ್ಟುಕೊಂಡು ಬಂದವರು ಕಂಡಕ್ಟರ್ ಮುಂದೆ ಒದ್ದಾಡಿದ್ದನ್ನು ನೋಡಿದ್ದೇನೆ.

ಮಸ್ಕತ್‌ನಿಂದ ಬರುವವರು ಟರ್ಮಿನಲ್ 2ರಲ್ಲಿ ಇಳಿಯುತ್ತಾರೆ. ವ್ಹೀಲ್‌ಚೇರ್‌ಗೆ ಟಿಕೆಟ್ ಜೊತೆಗೇ ವಿಮಾನದವರಿಗೆ ಹೇಳಿಡಿ. ಸಂಕೋಚ ಬೇಡ. ಒಳಗೆ ನಡೆಯುವುದು ತುಂಬಾ ಇದೆ, ಮಂಡಿ ನೋವಿದ್ದವರಿಗೆ ಕಷ್ಟ. ತಳ್ಳಿಕೊಂಡು ಬರುವ ಹುಡುಗರಲ್ಲಿ ಕನ್ನಡದವರೂ ಇದ್ದಾರೆ. "ಮೆಜೆಸ್ಟಿಕ್ ಬಸ್ ಹತ್ತಿರ ಬಿಡಪ್ಪ" ಅಂದರೆ ದಾರಿ ತೋರಿಸುತ್ತಾರೆ.

ಹೊರಗೆ ಬಂದ ತಕ್ಷಣ "ಟ್ಯಾಕ್ಸಿ ಬೇಕಾ ಅಮ್ಮ" ಅಂತ ಯಾರಾದರೂ ಪಕ್ಕದಲ್ಲೇ ನಡೆದುಕೊಂಡು ಬರಬಹುದು. ನನ್ನ ಸೋದರತ್ತೆಗೆ ಹೀಗೇ ಒಬ್ಬ "ಈಗ ಬಸ್ಸೇ ಇಲ್ಲ" ಅಂದು ತನ್ನ ಕಾರಿಗೆ ಹತ್ತಿಸಿಕೊಂಡಿದ್ದ. ಇಳಿಯುವಾಗ ಮೊದಲು ಹೇಳಿದ್ದರ ಎರಡರಷ್ಟು ಕಿತ್ತುಕೊಂಡ. ಅವತ್ತು ಅವರು ಅತ್ತಿದ್ದು ನನಗಿನ್ನೂ ಮರೆತಿಲ್ಲ. ಬಸ್ಸು ಇದೆಯೋ ಇಲ್ಲವೋ ಅಂತ ಬಸ್ಸಿನವರನ್ನೇ ಕೇಳಬೇಕು. ಬೇರೆ ಯಾರ ಮಾತನ್ನೂ ಕೇಳಬಾರದು.

ಬಸ್ಸಿನ ಮುಂಭಾಗ ತಗ್ಗಾಗಿದೆ, ಹತ್ತಲು ಎತ್ತರದ ಮೆಟ್ಟಿಲಿಲ್ಲ. ಹಿಂದಿನ ಸೀಟುಗಳಿಗೆ ಒಳಗೆ ಮೆಟ್ಟಿಲು ಹತ್ತಬೇಕು, ಹಾಗಾಗಿ ಅಮ್ಮ ಮುಂದೆಯೇ ಕೂರಲಿ. ಸೂಟ್‌ಕೇಸ್ ಇಡಲು ಸ್ಟ್ಯಾಂಡ್ ಇದೆ. ಅದು ಕಣ್ಣಿಗೆ ಕಾಣುವ ಸೀಟು ಹಿಡಿದರೆ ನೆಮ್ಮದಿ. ಎಸಿ ಚಳಿ ಮಂಡಿಗೆ ಆಗುವುದಿಲ್ಲ, ಒಂದು ಶಾಲು ಇರಲಿ. ಟಿಕೆಟ್ ತಗೊಳ್ಳುವಾಗಲೇ "ನಾನು ಕೊನೇವರೆಗೂ ಬರ್ತೀನಿ" ಅಂತ ಕಂಡಕ್ಟರ್‌ಗೆ ಹೇಳಲಿ. ಮೆಜೆಸ್ಟಿಕ್ಕೇ ಕೊನೆ, ಎಲ್ಲಿ ಇಳಿಯಬೇಕೋ ಅನ್ನುವ ಗಾಬರಿ ಇರುವುದಿಲ್ಲ.

ಆರೂವರೆಯೊಳಗೆ ಬಸ್ ಹತ್ತಿದರೆ ಹೆಬ್ಬಾಳದಲ್ಲಿ ಸಿಕ್ಕಿಹಾಕಿಕೊಳ್ಳುವುದಿಲ್ಲ. ಎಂಟು ಗಂಟೆ ಆಯಿತೋ, ಹೆಬ್ಬಾಳ ಫ್ಲೈಓವರ್ ಮೇಲೆ ಬಸ್ಸು ಇಂಚಿಂಚೇ ಸರಿಯುತ್ತೆ. ಬೇಗ ಹೊರಟರೆ ಸುಮಾರು ಒಂದು ಗಂಟೆಯ ದಾರಿ.

ರೈಲುಪ್ರೇಮಿ:

ಏರ್‌ಪೋರ್ಟ್ ಹತ್ತಿರ ರೈಲ್ವೆ ಹಾಲ್ಟ್ ಸ್ಟೇಷನ್ ಇದೆಯಲ್ವಾ, 2021ರಲ್ಲಿ ಶುರುವಾಗಿದ್ದು? ಟಿಕೆಟ್ ತುಂಬಾ ಕಮ್ಮಿ.

ಶ್ರೀರಾಂಪುರದವಳು:

ಇದೆ, ನಮ್ಮ ಸಹೋದ್ಯೋಗಿಗಳು ಕೆಲವರು ಅದರಲ್ಲೇ ಬರುತ್ತಾರೆ. ಆದರೆ ಹಾಲ್ಟ್ ಇರುವುದು ಟರ್ಮಿನಲ್‌ನಿಂದ ಕೆಲವು ಕಿಲೋಮೀಟರ್ ಆಚೆ, ದಿನಕ್ಕೆ ರೈಲುಗಳೂ ಕೆಲವೇ. ಲಗೇಜ್ ಇರುವ ಅಮ್ಮನಿಗೆ ಅದು ಬೇಡ. ಇಲ್ಲಿಗೆ ಮೆಟ್ರೋ ಬಂದರೆ ಈ ಪ್ರಶ್ನೆಯೇ ಇರುವುದಿಲ್ಲ.

ಇನ್ನೊಂದು ಮಾತು ಮರೆತಿದ್ದೆ. ಅಮ್ಮನ ಇಲ್ಲಿಯ ಸಿಮ್ ಮೂರು ತಿಂಗಳಿಂದ ಸುಮ್ನೆ ಬಿದ್ದಿದೆಯಾ? ಅಲ್ಲಿಂದಲೇ ರೀಚಾರ್ಜ್ ಮಾಡಿ. ಚಿಕ್ಕಪ್ಪನ ನಂಬರನ್ನು ಒಂದು ಚೀಟಿಯಲ್ಲೂ ಬರೆದು ಪಾಸ್‌ಪೋರ್ಟ್ ಜೊತೆ ಇಡಿ. ಚಿಕ್ಕಪ್ಪ ಮೆಜೆಸ್ಟಿಕ್ ಬಸ್ ನಿಲ್ದಾಣದ ಒಳಗೆ, ಏರ್‌ಪೋರ್ಟ್ ಬಸ್ಸುಗಳು ನಿಲ್ಲುವಲ್ಲೇ ಕಾಯಲಿ. ಎದುರಿನ ರೈಲ್ವೆ ಸ್ಟೇಷನ್ ಕಡೆ ನಿಂತರೆ ನಡುವೆ ಸಬ್‌ವೇ ಮೆಟ್ಟಿಲು ಇಳಿದು ಹತ್ತಬೇಕಾಗುತ್ತೆ. ಸೂಟ್‌ಕೇಸ್ ಇಟ್ಟುಕೊಂಡು ಅದು ಆಗದ ಕೆಲಸ.

ಮಸ್ಕತ್ ಮಗಳು:

ಅಮ್ಮ ಇವತ್ತು ಬೆಳಗ್ಗೆ ಏಳೂಮುಕ್ಕಾಲಿಗೆ ಮೆಜೆಸ್ಟಿಕ್ ತಲುಪಿದರು. ಸಿಮ್ ರೀಚಾರ್ಜ್ ಮಾಡಿದ್ದರಿಂದ ಬಸ್ ಹತ್ತಿ ಕೂತ ಮೇಲೆ ಫೋನ್ ಮಾಡಿದ್ದರು. ಹಿಂದಿನಿಂದ ಕಂಡಕ್ಟರ್ ಟಿಕೆಟ್ ಮಷಿನ್ ಸದ್ದು ಕೇಳಿಸಿದಾಗಲೇ ನನಗೆ ಉಸಿರು ಬಂದಿದ್ದು. ಸೂಟ್‌ಕೇಸನ್ನು ಒಬ್ಬ ಕಾಲೇಜು ಹುಡುಗ ಇಳಿಸಿಕೊಟ್ಟನಂತೆ, ಅವನಿಗೆ ಒಂದು ಹಿಡಿ ಖರ್ಜೂರ ಕೊಟ್ಟರಂತೆ. ಶ್ರೀರಾಂಪುರದ ಅಕ್ಕ, ನೀವು ಹೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಮ್ಮಿ.

ಒಂದೇ ತಪ್ಪಾಗಿದ್ದು, ಶಾಲು ದೊಡ್ಡ ಸೂಟ್‌ಕೇಸ್‌ನೊಳಗೇ ಉಳಿದುಬಿಟ್ಟಿತ್ತು. ಮುಂದೆ ಯಾರಾದರೂ ಅಮ್ಮನನ್ನು ಹೀಗೆ ಕಳಿಸುವುದಾದರೆ ಶಾಲನ್ನು ಕೈಚೀಲದಲ್ಲಿಡಿ.